ಒತ್ತು

'ಒತ್ತಿ ಹಿಡೀರಿ ಮೇಡಂ, ನಲವತ್ತು ಎಣಿಸೋವರೆಗೆ,'
ಅಂದ ಜಬೀವುಲ್ಲಾ.
ಎಸ್.ಪಿ. ರೋಡು, ಮೂರನೇ ಮಹಡಿ, ಲಿಫ್ಟಿಲ್ಲ,
ಮೆಟ್ಟಿಲ ಮೇಲೆಲ್ಲ ವೈರಿನ ಸುರುಳಿ.
ಒತ್ತಿ ಹಿಡಿದೆ.
ಮೂವತ್ತೊಂದು ವರ್ಷ ಒತ್ತಿದ ಹೆಬ್ಬೆರಳು ಇದು,
ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ
ಸೀಸದ ಮೊಳೆ ಒಂದೊಂದೇ ಹೆಕ್ಕಿ
ತಲೆಕೆಳಗಾಗಿ ಸ್ಟಿಕ್ಕಿಗೆ ಸೇರಿಸಿದ್ದು.
ನಲವತ್ತು ಎಣಿಸುವುದು ಅದಕ್ಕೊಂದು ಕೆಲಸವೇ.

ಈ ಹಲಗೆ ಸೆಕೆಂಡ್ ಹ್ಯಾಂಡು.
ಕಾಸು ಕೊಟ್ಟು ಕೊಂಡವಳು ನಾನು,
ನಿನ್ನದಲ್ಲ ಅನ್ನುತ್ತದೆ ಅದು.
ಕಂಪನಿಯವರು ಕೊಟ್ಟಿದ್ದನ್ನೇ ಓದಬೇಕಂತೆ,
ಓದಬಹುದಂತೆ, ಇಟ್ಟುಕೊಳ್ಳುವಂತಿಲ್ಲವಂತೆ,
ಎದುರು ಮನೆ ರತ್ನಾಬಾಯಿಗೂ ಕೊಡುವಂತಿಲ್ಲವಂತೆ.
ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ
ಇಂಥ ಮಾತು ಯಾರೂ ಆಡಿದ್ದಿಲ್ಲ.
ಕೆ.ಜಿ. ಲೆಕ್ಕದಲ್ಲಿ ತೂಗಿ, ದಾರ ಕಟ್ಟಿ,
'ನಡೀರಿ ನಡೀರಿ' ಅಂತಿದ್ದರು.

ಬೀಗ ಬಿಟ್ಟಿತು. ಕೇಬಲ್ಲು ಸಿಕ್ಕಿಸಿದ.
ನನ್ನ ಪೆನ್‌ಡ್ರೈವಿಂದ ಒಂದೇ ಪುಸ್ತಕ ಒಳಗೆ ಹೋಯಿತು.
ಎಂಬತ್ತೇಳರಲ್ಲಿ ನಾನೇ ಜೋಡಿಸಿದ್ದು, ಮುನ್ನೂರು ಪ್ರತಿ.
ಬರೆದ ಮೇಷ್ಟ್ರ ಮಗಳು ಈಗ ಕೂತು ಟೈಪ್ ಮಾಡಿ
'ಯಾರು ಕೇಳಿದರೂ ಕೊಡಿ' ಅಂದದ್ದು.

ತೆರೆದರೆ
ಅಕ್ಷರ ಬಂದಿದೆ, ಒತ್ತು ಬಂದಿಲ್ಲ.
ಅಮ್‌ಮ. ಬೆಳ್‌ಳಿ. ಹಬ್‌ಬ.
ಸೊಂಟದಿಂದ ಕೂಸು ಇಳಿದು ಪಕ್ಕಕ್ಕೆ ನಿಂತಿದೆ,
ತಾಯ ತಲೆಗೊಂದು ಕೊಕ್ಕೆ.

'ಎಲ್ಲಾ ಬಂದಿದೆಯಲ್ಲ ಮೇಡಂ?'
'ಇಲ್ಲ ಮಗ,
ಹೀಗೆ ಬಿಟ್ಟಿದ್ದರೆ ಯಜಮಾನರು ಸಂಬಳ ಮುರೀತಿದ್ದರು.'
ನಕ್ಕ. ತಾನು ಓದಿದ್ದು ಉರ್ದು ಸ್ಕೂಲಂತೆ,
ಅಲ್ಲೂ ಅಕ್ಷರಗಳು ಕೈ ಹಿಡಕೊಂಡೇ ನಡೀತವಂತೆ.
'ಬಿಡಿಸಿದರೆ ಅಳ್ತವೆ,' ಅಂದ.
ಬೇರೊಂದು ಪ್ರೋಗ್ರಾಂ ಹಾಕಿದ, ಬೇರೆ ಫಾಂಟು.
ಟೀ ಬಂತು, ಆರಿತು.
ಎರಡು ಸಲ ಹಲಗೆ ಸತ್ತು ಎದ್ದಿತು.

ಮೂರನೇ ಸಲ,
ಅಮ್ಮ.
ಮ ಕೆಳಗೆ ಮ, ತನ್ನ ಜಾಗದಲ್ಲಿ.

ಇದು ಕಳ್ಳತನವೇ ಅಂತ ಒಂದು ಗಳಿಗೆ ಅನಿಸಿತು, ಸುಳ್ಳು ಯಾಕೆ.
ಕೊನೇ ಪ್ರೂಫಿನ ಹಾಳೆಗಳನ್ನು ಸೆರಗಲ್ಲಿ ಮನೆಗೆ ತರುತ್ತಿದ್ದೆ.
ಯಜಮಾನರು ಕಂಡೂ
ಆಗಲೇ ಕನ್ನಡಕ ತೆಗೆದು ಒರೆಸುತ್ತಿದ್ದರು.
ಆ ಒರೆಸುವಷ್ಟು ಹೊತ್ತಿಗೆ
ಕಾನೂನಿನಲ್ಲಿ ಏನೆನ್ನುತ್ತಾರೋ.

ಹಲಗೆ ಮಲಗಿದಾಗ ಮೂಲೆಯಲ್ಲೊಂದು ಹೆಸರು ಮೂಡುತ್ತದೆ.
ಫಿಲೋಮಿನಾ. ಯಾರೋ, ಎಲ್ಲಿಯೋ.
'ಅಳಿಸಲಾ?'
ಬೇಡ. ಹಳೇ ಪುಸ್ತಕದ ಮೊದಲ ಹಾಳೆಯಲ್ಲಿ
ಇಂಥದ್ದೊಂದು ಇದ್ದೇ ಇರುತ್ತದೆ.
ನನ್ನದು ಅದರ ಕೆಳಗೆ ಹಾಕು, ಸಣ್ಣದಾಗಿ.
ಪಿಳ್ಳಮ್ಮ.
ಎರಡು ಒತ್ತಿದೆ,
ಬೀಳದ ಹಾಗೆ ನೋಡ್ಕೋ.