ಸಪ್ಪೆ

ಇಪ್ಪತ್ತು ಲೀಟರು. ಆರು ವಾರ.
ಮೊದಲ ಗುಟುಕಿಗೇ ಮಹಾರುದ್ರ ಲೋಟ ಕೆಳಗಿಟ್ಟ.
‘ಕೆಟ್ಟಿಲ್ಲ ಮಾರಾಯ’ ಎಂದ. ‘ಕೆಟ್ಟಿದ್ದರೆ
ಕೆಟ್ಟಿದೆ ಅಂತಾದರೂ ಅನ್ನಬಹುದಿತ್ತು.’

ಬಣ್ಣ ಸರಿಯಿತ್ತು, ಹಳೇ ಹಿತ್ತಾಳೆ ಚಿಲಕದ್ದು.
ನೊರೆ ನಿಂತಿತ್ತು, ಅವನ ಮೀಸೆಗೆ ಹತ್ತುವಷ್ಟು.
ನಾಲಿಗೆಯ ಮೇಲೆ ಮಾತ್ರ
ಯಾರೋ ಬಾಗಿಲಿಗೆ ಬಂದು
ಚಪ್ಪಲಿಯನ್ನೂ ಬಿಡದೆ ಹೊರಟುಹೋದ ಹಾಗೆ.

ಇಪ್ಪತ್ತಾರು ವರ್ಷ ದುರ್ಗದ ಕಾಲೇಜಿನ ಲ್ಯಾಬಿನಲ್ಲಿ
ಹುಡುಗರ ಸೋತ ಪ್ರಯೋಗಗಳನ್ನು ತೊಳೆದು ಬೋರಲಿಟ್ಟ ಕೈ ಇದು.
ಕಾರಣ ಯಾವಾಗಲೂ
ಯಾರೂ ನೋಡದ ಕಡೆ ಕೂತಿರುತ್ತದೆ,
ಇಷ್ಟು ಗೊತ್ತಿತ್ತು.

ಮೊದಲು ಕಾಳಿನ ಮೇಲೆ ಅನುಮಾನ.
ಪಾರ್ಸೆಲ್ಲಿನಲ್ಲಿ ಬಂದ ಮೊಳಕೆ ಬಾರ್ಲಿ;
ನಾಲ್ಕು ಕಾಳು ಕಡಿದೆ. ಕಟುಮ್ಮೆಂದಿತು, ಆಮೇಲೆ ಸಿಹಿ.
ಆಮೇಲೆ ಥರ್ಮಾಮೀಟರು. ಕುದಿನೀರಿಗೆ ಇಳಿಬಿಟ್ಟರೆ
ತೊಂಬತ್ತೇಳೂವರೆಗೆ ನಿಂತುಬಿಟ್ಟಿತು.
ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ.
ರಾತ್ರಿ ಮಲಗಿದಾಗ ಹೊಳೆಯಿತು: ನಮ್ಮೂರು ಎತ್ತರದಲ್ಲಿದೆ,
ಇಲ್ಲಿನ ನೀರು ನೂರರ ತನಕ ಕಾಯುವುದಿಲ್ಲ.
ಎದ್ದು, ಕ್ಷಮಿಸಪ್ಪ ಎಂದು ಒರೆಸಿ, ಡಬ್ಬಿಗೆ ಸೇರಿಸಿದೆ.
ಡೈರಿಯಿಂದ ಬೇಡಿ ತಂದ ಲ್ಯಾಕ್ಟೋಮೀಟರು
ಎಮ್ಮೆಗೂ ಬಾರ್ಲಿಗೂ ಭೇದವೆಣಿಸದೆ
ತನ್ನ ಕೆಲಸ ತಾನು ಮಾಡಿತ್ತು.
ಹಾಪ್ಸ್ ಹೂವನ್ನು ಅಂಗೈಲಿ ತಿಕ್ಕಿ ಮೂಸಿದೆ,
ಬೇವಿನ ಹೂ, ಹಸಿ ಮಣ್ಣು, ಒಂದೆಳೆ ಹೊಗೆಸೊಪ್ಪು.
ಹಳಸಿರಲಿಲ್ಲ.

ಮಹಾರುದ್ರ ಒಂದು ತಪ್ಪು ಒಪ್ಪಿಕೊಂಡ.
ಬಾಟಲಿಗಳನ್ನು ಬೇಕರಿಯ ಐಸ್‌ಕ್ರೀಂ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದನಂತೆ.
ಇಂಗ್ಲೆಂಡಿನ ಬಿಯರಿಗೆ
ಮಡಕೆ ನೀರಿನಷ್ಟು ತಂಪು ಸಾಕು ಮಾರಾಯ,
ನಾಲಿಗೆ ಮರಗಟ್ಟಿದರೆ ರುಚಿ ಯಾರಿಗೆ ಹೇಳಬೇಕು?
ಮುಕ್ಕಾಲು ಗಂಟೆ ಮೇಜಿನ ಮೇಲಿಟ್ಟು ಕುಡಿದೆವು.
ಸಪ್ಪೆ.
ಈಗ ಸ್ವಲ್ಪ ಬೆಚ್ಚಗಿನ ಸಪ್ಪೆ.

ಪಾಲಕ್ಕ ಕುಡಿಯುವವಳಲ್ಲ.
ತೊಳೆಯಲೆಂದು ಲೋಟ ಎತ್ತಿಕೊಂಡವಳು
ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.
‘ಯಾವ ನೀರು ಹಾಕಿದ್ದೀಯೋ?’
ಘಟಕದ್ದು. ಐದು ರೂಪಾಯಿ ನಾಣ್ಯ, ಒಂದು ಕ್ಯಾನು.
‘ಅದಕ್ಕೇ ಮತ್ತೆ. ಆ ನೀರಲ್ಲಿ ಬೇಳೆ ಬೆಣ್ಣೆಯಂಗೆ ಬೇಯ್ತದೆ,
ಸಾರಿಗೆ ಮಾತ್ರ ಊರೇ ಇರಲ್ಲ.’

ಎಲ್ಲವನ್ನೂ ಸೋಸಿ ತೆಗೆದ ನೀರು!
ಸುಣ್ಣವಿಲ್ಲ, ಉಪ್ಪಿಲ್ಲ,
ಕಾಲೂರಲು ಒಂದು ಹರಳೂ ಇಲ್ಲ.
ಹೂವಿನ ಕಹಿ, ಪಾಪ, ಎಲ್ಲಿ ನಿಂತೀತು?
ಆರು ವಾರ ಲೋಟದೊಳಗೆ ಹುಡುಕಿದ್ದೆ,
ಲೋಟ ತುಂಬಿದ್ದನ್ನು ಬಿಟ್ಟು.

ಜೋಗಿಮಟ್ಟಿ ರಸ್ತೆಯ ನಮ್ಮ ಹಿತ್ತಲಲ್ಲಿ ಹಳೇ ಬೋರು ಇನ್ನೂ ಇದೆ.
ಬಕೆಟ್ಟಿಗೆ ಬಿಳಿ ಬಳೆ ತೊಡಿಸುವ,
ಸೋಪಿಗೆ ಜಗ್ಗದ, ಬೇಳೆಯನ್ನು ಮಧ್ಯಾಹ್ನದವರೆಗೆ ಸತಾಯಿಸುವ ನೀರು.
ನನ್ನ ಹಲ್ಲಿಗೂ ಅಕ್ಕನ ಹಲ್ಲಿಗೂ
ಒಂದೇ ಕಂದು ಗೆರೆ ಎಳೆದದ್ದು ಅದೇ.
ಕಾಲೇಜಿನ ಗ್ರೂಪ್ ಫೋಟೋ ಇಪ್ಪತ್ತಾರರಲ್ಲೂ
ನಾನು ಬಾಯಿ ಮುಚ್ಚಿಕೊಂಡಿದ್ದೇನೆ.
ಆ ನೀರು ಬಿಟ್ಟಾಗ ಡಾಕ್ಟರು ಬೆನ್ನು ತಟ್ಟಿದ್ದರು.

ಬೋರಿನದು ಒಂದು ಪಾಲು, ಘಟಕದ್ದು ಮೂರು.
ಸುರಿಯುವಾಗ ಕೈ ಯಾಕೋ ತಡೆಯಿತು,
ಜಗಳ ಬಿಟ್ಟ ನೆಂಟನನ್ನು
ನಾವೇ ಹೋಗಿ ಕರೆಯುವಾಗಿನ ಹಾಗೆ.

ನಿನ್ನೆ ಬಾಟಲಿಗೆ ತುಂಬುವಾಗ ಪೈಪಿನಲ್ಲಿ ಉಳಿದಷ್ಟನ್ನು
ಲೋಟಕ್ಕೆ ಬಸಿದೆ. ನೊರೆಯಿಲ್ಲ, ಇನ್ನೂ ಎಳಸು.
ಮೊದಲು ಬಾರ್ಲಿ, ಸುಟ್ಟ ರೊಟ್ಟಿಯಂಚಿನಂತೆ.
ಎಷ್ಟೋ ಹೊತ್ತಿನ ಮೇಲೆ ಕಹಿ ಬಂತು,
ಬಂದದ್ದು ಕೂತಿತು.

ಮಹಾರುದ್ರ ಮಾತಾಡಲಿಲ್ಲ, ಪೈಪನ್ನು ಮತ್ತೆ ಕೊಡವಿದ.
ಪಾಲಕ್ಕ ಕಿರುಬೆರಳು ಅದ್ದಿ
‘ಥೂ, ಕಹಿ’ ಎಂದಳು,
ಇನ್ನೊಂದು ಸಲ ಅದ್ದುತ್ತ.