ಅಳಿವೆಬಾಗಿಲು

ಕೊಡಿಯಾಲಬೈಲು, ಮೂರನೇ ಮಹಡಿ, ರಾತ್ರಿ ಪಾಳಿ.
ತುಳು ಬರುತ್ತದೆಂದೇ ಕಂಪನಿ ನನ್ನನ್ನು ತಕ್ಕೊಂಡದ್ದು.
ಒಂದೂವರೆಗೆ ಆದೇಶ ಬಂತು, ಕಲಮು ಸಮೇತ.
ಐವತ್ತೆರಡು ಸೆಕೆಂಡು:
ಬೆಂಗ್ರೆಯ ಲೋಲಾಕ್ಷಿ
ಅಳಿವೆಬಾಗಿಲ ಕಪ್ಪು ನೀರಿಗೆ ಕಾಲಿಳಿಸಿ ನಿಂತು
ಯಾರ ಪೈಪೆಂದು ಹೆಸರು ಹಿಡಿದು ಬೈಯುತ್ತಾಳೆ.

ಬೈಗುಳವೋ ದೂರೋ, ಅನುವಾದಿಸಿ ಎಂದರು.
ದೂರು, ಎಂದು ಬರೆದೆ.
ಆಮೇಲೆ ಒತ್ತಿದೆ.
ಅಳಿಸುವ ಗುಂಡಿಯೇನಲ್ಲ ಅದು,
'ಈ ದೇಶದಲ್ಲಿ ಮಾತ್ರ' ಎಂಬ ಗುಂಡಿ.
ಎದುರು ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ತತ್ವ:
ಪ್ರತಿಯೊಂದು ದನಿಗೂ ಜಾಗವಿದೆ.
ಅದರಡಿಗೆ, ಎ.ಸಿ. ಸೋರುವುದಕ್ಕೆ ಇಟ್ಟ ಬಕೆಟ್ಟು.

ಬೆಳಿಗ್ಗೆ ಸ್ಟೇಟ್‌ಬ್ಯಾಂಕಿನ ಮೀನು ಮಾರ್ಕೆಟ್ಟು.
ವಾರಕ್ಕೆ ಮೂರು ದಿನ ನನಗೆ ಬೂತಾಯಿ ಎಣಿಸುವವಳು
ಎಣಿಕೆ ನಿಲ್ಲಿಸಿ ಕೇಳಿದಳು:
"ಕುವೈತಿನ ತಂಗಿಗೆ ಕಾಣುತ್ತದಂತೆ ಮಾರಾಯ್ತಿ,
ಪಕ್ಕದ ಮನೆಯವಳಿಗೆ ಇಲ್ಲ.
ನನ್ನ ಬಾಯಿ ಈಗ ಯಾವ ದಡದಲ್ಲಿದೆ?"

ಕಾನೂನು, ಎಂದೆ.
ಕಂಪನಿ, ಎನ್ನಬಹುದಿತ್ತು.
ನಾನು, ಎಂದೂ.

ಹೂಂ ಎಂದು ಎರಡು ಮೀನು ಹೆಚ್ಚಿಗೆ ಹಾಕಿದಳು.
ಎಲ್ಲಿಗೆ ಮುಟ್ಟಿತ್ತು ಎಣಿಕೆ, ಇಬ್ಬರಿಗೂ ನೆನಪಿರಲಿಲ್ಲ.
ಬಸ್ಸಿನುದ್ದಕ್ಕೂ ಚೀಲ ತೊಟ್ಟಿಕ್ಕುತ್ತಿತ್ತು,
ಯಾರೋ ಕಾಲು ಸರಿಸಿಕೊಂಡರು.