ಲೈನ್ ಕ್ಲಿಯರ್

ಭಾನುವಾರ ಬೆಳಿಗ್ಗೆ ಆರೂಕಾಲಿಗೆ
ಮಂಡ್ಯದಾಚೆ, ನಾಲೆ ಏರಿಯ ಕೆಳಗಿನ ಬೀಳಿನಲ್ಲಿ
ಸುಣ್ಣದ ಗೆರೆ ಎಳೆಯುತ್ತೇನೆ.
ಮೂವತ್ತನಾಲ್ಕು ವರ್ಷ ಕರೆಂಟು ಕಂಬ ಹತ್ತಿದ ಕಾಲು,
ನೆಲದ ಮೇಲೆ ನೆಟ್ಟಗೆ ನಡೆಯುವುದಿಲ್ಲ,
ಗೆರೆಯೂ ಹಾಗೇ.
ಸಂಬಳವಿಲ್ಲ. ಕಾಫಿ ನನ್ನದೇ ಫ್ಲಾಸ್ಕಿನದು.

ಗುರಿ ಅಂದರೆ ಆಲೆಮನೆಯ ರಚ್ಚು ತುಂಬಿದ ಗೋಣಿಚೀಲ.
ಸಿಹಿ ಇನ್ನೂ ಆರಿಲ್ಲ; ಇರುವೆಗಳು ಸಾಲುಗಟ್ಟಿ
ಹಳದಿ ಬಣ್ಣದ ನಟ್ಟನಡುವಿಗೇ ಹೋಗುತ್ತವೆ,
ನನ್ನ ಶಿಷ್ಯರಿಗಿಂತ ಚೆನ್ನಾಗಿ.

ಒಂಬತ್ತು ಜನ. ವೆಲ್ಡಿಂಗ್ ಅಂಗಡಿಯ ಇಮ್ದಾದ್,
ಹೋಮ್‌ಗಾರ್ಡ್ ಚಂದ್ರಕಲಾ,
ಹತ್ತನೇ ಕ್ಲಾಸಿನ ರಮ್ಯಶ್ರೀ, ಅವಳನ್ನು ಬಿಡಲು ಬಂದು
ತಾನೂ ಬಿಲ್ಲು ಹಿಡಿದ ಸೋದರಮಾವ.
ಮೊದಲ ಮೂರು ವಾರ ಬಾಣ ಕೊಡುವುದಿಲ್ಲ.
ಬರೀ ನಿಲುವು, ಬರೀ ಉಸಿರು, ಬರೀ ನನ್ನ ಬಾಯಿ:
ಬಾಣ ಹೂಡದೆ ಹೆದೆ ಎಳೆದು ಬಿಡಬೇಡ, ಬಿಲ್ಲು ಸೀಳುತ್ತದೆ.
ಮಣಿಕಟ್ಟಿಗೆ ಪಟ್ಟಿ ಕಟ್ಟು, ಜಡೆ ಹಿಂದಕ್ಕೆ ಹಾಕು.
ಬಾಣ ತರಲು ಓಡಬೇಡ, ನಡಿ.
ಕೀಳುವಾಗ ಒಂದು ಅಂಗೈ ಚೀಲದ ಮೇಲಿರಲಿ,
ಬೆನ್ನ ಹಿಂದೆ ಯಾರಿದ್ದಾರೆ ನೋಡು,
ಬಾಣದ ಬಾಲವೂ ಕಣ್ಣು ಕುಕ್ಕೀತು.

ನಾನು ‘ಲೈನ್ ಕ್ಲಿಯರ್’ ಅನ್ನದೆ ಯಾರೂ ಗೆರೆ ದಾಟುವಂತಿಲ್ಲ.
ನಗುತ್ತಾರೆ. ಅದು ಕಂಬದ ಮೇಲಿನ ಭಾಷೆ.
ಆ ಎರಡು ಮಾತಿಗೆ ಕಾಯದೆ ತಂತಿ ಮುಟ್ಟಿದ ಜವರಪ್ಪನನ್ನು
ಕೆಳಗಿಳಿಸಿಕೊಂಡದ್ದು ಇದೇ ಹೆಗಲು.
ಅದನ್ನು ಇವರಿಗೆ ಹೇಳಿಲ್ಲ.

ಇಮ್ದಾದ್ ಕೇಳಿದ:
‘ಸಾ, ಹಂದಿ ಹೊಡಿಯೋದು ಯಾವಾಗ ಹೇಳ್ಕೊಡ್ತೀರ?’
‘ಕಾನೂನು ಬಿಡಲ್ಲ ಕಣಪ್ಪ’ ಅಂದೆ.
ಅರ್ಧ ಉತ್ತರ ಅದು. ಇನ್ನರ್ಧ
ನನ್ನ ಹದಿನಾಲ್ಕನೇ ವಯಸ್ಸಿನಲ್ಲಿದೆ:
ತಾತನ ಬಿದಿರು ಬಿಲ್ಲು, ಕೂಳೆ ಕಬ್ಬಿನ ಗದ್ದೆ, ಮಬ್ಬು.
ಗರಿ ಅಲುಗಿತು. ಅಲುಗಿತು, ಅಷ್ಟೇ.
ಕಂಡದ್ದೇನೂ ಇರಲಿಲ್ಲ, ಕಂಡೆ ಅಂದುಕೊಂಡೆ,
ಕೋರೆ, ಕೂದಲು, ಮೂತಿ, ಎಲ್ಲ ನಾನೇ ಮಾಡಿ ಇಟ್ಟೆ ಅಲ್ಲಿ.
ಆಮೇಲೆ ಹೆಣ್ಣಿನ ಕೂಗು.

ಚಿಕ್ಕತಾಯಮ್ಮನ ಎಡಗಿವಿಯ ಹಾಲೆ ಎರಡಾಗಿತ್ತು.
ಹುಲ್ಲಿಗೆ ಬಂದಿದ್ದಳು. ಎರಡು ಬೆರಳಿನ ಅಂತರ, ಅಂದರು.
ಇವತ್ತಿಗೂ ಒಂದೇ ಕಿವಿಗೆ ಓಲೆ.
ಸಂತೆಯಲ್ಲಿ ಸಿಕ್ಕರೆ ದಂಟಿನ ಸೊಪ್ಪು ಒಂದು ಕಟ್ಟು ಜಾಸ್ತಿ ಹಾಕುತ್ತಾಳೆ,
‘ಮಂಡಿ ನೋವು ಹೆಂಗದೆ?’ ಅಂತಾಳೆ.
ನಾನು ಅವಳ ಬಲಗಡೆ ನಿಂತೇ ಮಾತಾಡುತ್ತೇನೆ.

ಈ ಹೊತ್ತು ರಮ್ಯಶ್ರೀಯ ಸರದಿ.
ಹೆದೆ ಗಲ್ಲಕ್ಕೆ ಬಂದಿತ್ತು, ಮೊಣಕೈ ಏರಿತ್ತು,
ಬಾಣದ ತುದಿ ಮೊದಲ ಸಲ ನಡುಗದೆ ನಿಂತಿತ್ತು.
ನಾನೇ ಉಸಿರು ಹಿಡಿದಿದ್ದೆ, ನೋಡಬೇಕಾದದ್ದನ್ನು ನೋಡದೆ.
ಏರಿಯ ಮೇಲೆ, ಚೀಲದ ನೇರಕ್ಕೆ,
ಒಂದು ಹುಲ್ಲಿನ ಹೊರೆ.
ಕಾವಲಿಗೆ ನಿಲ್ಲಿಸಿದ್ದ ಸೋದರಮಾವ
ಕೆಂಪು ಬಟ್ಟೆ ಕಂಕುಳಲ್ಲಿಟ್ಟು ಬೀಡಿ ಹಚ್ಚುತ್ತಿದ್ದ.
ಪೀಪಿ ನನ್ನ ಜೇಬಿನಲ್ಲಿ; ಕೈ ಜೇಬು ಹುಡುಕುತ್ತಿತ್ತು.

ಅವಳು ಬಿಡಲಿಲ್ಲ.
ಬಿಲ್ಲನ್ನು ನೆಲದ ಕಡೆ ಬಾಗಿಸಿ
ಹೆದೆಯನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಕಳಿಸಿದಳು,
ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ.
ತೋಳು ಗಡಗಡ. ಬಾಣ ತೆಗೆದು ಮರಳಿಗೆ ಚುಚ್ಚಿದಳು.
‘ಸಾರಿ ಸರ್, ಇನ್ನೊಂದ್ಸಲ ಕೊಡ್ತೀರಾ?’

ಹೇಳುವುದು ಬೇಕಾದಷ್ಟಿತ್ತು. ಪುಸ್ತಕ ತೆಗೆದು
ಅವಳ ಹೆಸರಿನ ಮುಂದೆ ಸೊನ್ನೆ ಬರೆದೆ,
ಅದರ ಸುತ್ತ ಇನ್ನೊಂದು ಸುತ್ತು ಎಳೆದೆ.
ಚಂದ್ರಕಲಾ ಇಣುಕಿ, ‘ಇದ್ಯಾವ್ ಲೆಕ್ಕ ಸಾ?’ ಅಂದಳು.

ಹೊರೆ ತೂಬಿನ ತಿರುವಿನಲ್ಲಿ ಮರೆಯಾಯಿತು,
ಹೊತ್ತವರ ಮುಖ ಕಾಣಲಿಲ್ಲ.
ಒಂಬತ್ತೂ ಜನ ಗೆರೆಯ ಹಿಂದೆ ನನ್ನನ್ನೇ ನೋಡುತ್ತಿದ್ದರು.
‘ಲೈನ್ ಕ್ಲಿಯರ್’ ಅಂದೆ.
ದನಿ ಹೊರಡಲಿಲ್ಲ,
ಎರಡನೇ ಸಲ ಅನ್ನಬೇಕಾಯಿತು.